ಬೋಟಿನ ಹಿಂದೆ ಹಾರುವ ಆ ಬಿಳಿ ಹಕ್ಕಿ: ಕಂದುತಲೆ ಕಡಲಕಾಗೆಯನ್ನು ಹುಡುಕಿ ಗುರುತಿಸುವ ಬಗೆ

"ಮಲ್ಪೆಗೆ ಹೋಗಿದ್ವಿ. ಬೋಟಿನ ಹಿಂದೆ ಬಿಳಿ ಹಕ್ಕಿಗಳ ಹಿಂಡೇ ಬರ್ತಾ ಇತ್ತು. ಅದು ಯಾವ ಹಕ್ಕಿ?"

ಚಳಿಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತದೆ. ಜೊತೆಗೊಂದು ಫೋಟೊ ಇರುತ್ತದೆ. ಬಿಳಿ ಮೈ, ಬೂದು ಬೆನ್ನು, ಕೆಂಪು ಕಾಲು, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ. ನಮ್ಮ ಕರಾವಳಿಯಲ್ಲಿ ತೆಗೆದ ಫೋಟೊ ಆದರೆ ಹೆಚ್ಚಿನ ಸಲ ಅದು ಕಂದುತಲೆ ಕಡಲಕಾಗೆಯೇ ಆಗಿರುತ್ತದೆ. ಆದರೆ "ತಲೆ ಬಿಳಿ ಇದೆಯಲ್ಲ, ಕಂದು ಎಲ್ಲಿ?" ಅನ್ನುವುದು ಮುಂದಿನ ಪ್ರಶ್ನೆ. ಅದಕ್ಕೇ ಈ ಸಲ ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಸೀಗಲ್ ಅಂತ ಎಲ್ಲರೂ ಕರೆಯುವ ಹಕ್ಕಿಗೆ ಕನ್ನಡದಲ್ಲಿ ಕಡಲಕಾಗೆ ಎನ್ನುತ್ತೇವೆ. ಕಾಗೆಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಸಿಕ್ಕಿದ್ದನ್ನು ತಿನ್ನುವ ಗುಣ ಮಾತ್ರ ಕಾಗೆಯದೇ. ಕೆರೆಯಲ್ಲಿ ಮುಳುಗಿ ಮೀನು ಹಿಡಿದು, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ಕರಿ ಹಕ್ಕಿ ನೀರುಕಾಗೆ. ಅದು ಬೇರೆಯೇ ಜಾತಿ. ಈ ಎರಡು ಹೆಸರು ಅದಲುಬದಲಾಗುವುದು ತುಂಬಾ ಸಾಮಾನ್ಯ, ಎಚ್ಚರ ಇರಲಿ.

ಏನೇನು ಬೇಕು?

ಒಂದು ಬೈನಾಕ್ಯುಲರ್ ಬೇಕೇ ಬೇಕು. ಯಾಕೆಂದರೆ ಈ ಹಕ್ಕಿಯ ಗುರುತು ಇರುವುದು ಕಣ್ಣಿನ ಬಣ್ಣದಲ್ಲಿ. ಅದು ಬರಿಗಣ್ಣಿಗೆ ಕಾಣುವುದಿಲ್ಲ. 8×42 ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 10 ಪಟ್ಟಿನದು ಚೆನ್ನಾಗಿರುತ್ತದೆ ಅನ್ನಿಸಬಹುದು. ಆದರೆ ಕಡಲ ಗಾಳಿಗೆ ಕೈ ಅಲುಗಿದರೆ ಚಿತ್ರವೂ ಅಷ್ಟೇ ಜಾಸ್ತಿ ಅಲುಗುತ್ತದೆ.

ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್, ಟೋಪಿ, ನೀರು. ಕೆಸರಲ್ಲಿ ಜಾರದ ಚಪ್ಪಲಿ. ಆ ದಿನದ ಉಬ್ಬರ ಇಳಿತದ ಸಮಯ. ಇಷ್ಟು ಸಾಕು. ಕ್ಯಾಮೆರಾ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

1. ತಿಂಗಳು ನೋಡಿಕೊಂಡು ಹೊರಡಿ

ಕಂದುತಲೆ ಕಡಲಕಾಗೆ ನಮ್ಮಲ್ಲಿ ಗೂಡು ಕಟ್ಟುವುದಿಲ್ಲ. ಅದರ ತವರು ಮಧ್ಯ ಏಷ್ಯಾದ ಎತ್ತರದ ಸರೋವರಗಳು. ತಜಿಕಿಸ್ತಾನದಿಂದ ಟಿಬೆಟ್ ಪ್ರಸ್ಥಭೂಮಿಯವರೆಗೆ, ಅಲ್ಲಿಂದ ಚೀನಾದ ಒಳ ಮಂಗೋಲಿಯಾದವರೆಗೆ ಮರಿ ಮಾಡುತ್ತದೆ. ಭಾರತದಲ್ಲೇ ನೋಡಬೇಕಾದರೆ ಲಡಾಖಿಗೆ ಹೋಗಬೇಕು. ತ್ಸೋ ಮೊರಿರಿ, ತ್ಸೋ ಕರ್ ಸರೋವರಗಳ ಹತ್ತಿರ, ಸುಮಾರು 4,500 ಮೀಟರ್ ಎತ್ತರದಲ್ಲಿ, ಗುಂಪಾಗಿ ನೆಲದ ಮೇಲೇ ಗೂಡು ಮಾಡುತ್ತವೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟುತ್ತದೆ. ಆಮೇಲೆ ಅಲ್ಲಿ ಅವಕ್ಕೆ ತಿನ್ನಲು ಏನಿದೆ? ಹಿಮಾಲಯ ದಾಟಿ ನಮ್ಮ ಕಡಲಿಗೆ ಇಳಿಯುತ್ತವೆ.

ಅಕ್ಟೋಬರಿನಲ್ಲಿ ಬರತೊಡಗುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹಿಂಡು ದೊಡ್ಡದಾಗಿರುತ್ತದೆ. ಏಪ್ರಿಲ್ ಹೊತ್ತಿಗೆ ಹೆಚ್ಚಿನವು ಹೊರಟಿರುತ್ತವೆ.

ಇಲ್ಲಿ ಒಂದು ತಪ್ಪು ಲೆಕ್ಕ ತುಂಬಾ ಜನರ ತಲೆಯಲ್ಲಿ ಇದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ, ಅಂದರೆ ಬೋಟು ನಿಂತು ಮೀನು ಇಳಿಸುವ ಜಾಗದಲ್ಲಿ, ಸಾಲಾಗಿ ನಿಂತಿರುತ್ತವೆ. ಆಗ ಹಕ್ಕಿಯೂ ಇಲ್ಲ. "ಬೋಟ್ ನಿಂತಿತು, ಮೀನು ಸಿಗಲಿಲ್ಲ, ಹಕ್ಕಿ ಹೋಯಿತು" ಅಂದುಕೊಳ್ಳುತ್ತಾರೆ. ಹಾಗಲ್ಲ. ಬೋಟು ನಿಲ್ಲುವ ಮೊದಲೇ ಅವು ಹೊರಟಾಗಿರುತ್ತದೆ. ಜೂನಿನಲ್ಲಿ ಅವು ಆ ಎತ್ತರದ ಸರೋವರಗಳ ಬಳಿ ಮೊಟ್ಟೆ ಮರಿಯ ಕೆಲಸದಲ್ಲಿರುತ್ತವೆ. ಮಳೆಗಾಲದಲ್ಲಿ ಬಂದು "ಒಂದೂ ಕಾಣಲಿಲ್ಲ" ಅಂತ ಬೇಜಾರು ಮಾಡಿಕೊಳ್ಳಬೇಡಿ.

2. ಜಾಗ ಆರಿಸಿಕೊಳ್ಳಿ

ಈ ಹಕ್ಕಿಗೆ ಮೂರು ಬೇಕು: ಆಳವಿಲ್ಲದ ನೀರು, ಜನ ಬಾರದ ಒಂದು ಮರಳ ದಿಬ್ಬ, ಸುಲಭವಾಗಿ ಸಿಗುವ ಮೀನು. ಮೂರೂ ಒಟ್ಟಿಗೆ ಇರುವ ಜಾಗ ಅಳಿವೆ. ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಅದಕ್ಕೇ ಪ್ರವಾಸಿಗರು ತುಂಬಿರುವ ಬೀಚಿನಲ್ಲಿ ಹುಡುಕುವುದಕ್ಕಿಂತ ಅಳಿವೆ ಇಲ್ಲವೇ ದಕ್ಕೆಗೆ ಹೋಗುವುದು ವಾಸಿ.

ದಕ್ಷಿಣದಿಂದ ಉತ್ತರಕ್ಕೆ ಹೋದರೆ ಮಂಗಳೂರಿನ ಬಂದರು ಮತ್ತು ಬೆಂಗ್ರೆ, ಮಲ್ಪೆ ದಕ್ಕೆ, ಕುಂದಾಪುರ–ಗಂಗೊಳ್ಳಿಯ ಪಂಚಗಂಗಾವಳಿ, ಹೊನ್ನಾವರದ ಶರಾವತಿ ಅಳಿವೆ, ತದಡಿಯ ಅಘನಾಶಿನಿ ಅಳಿವೆ, ಕಾರವಾರದ ಕಾಳಿ ಅಳಿವೆ. ಎಲ್ಲಾ ಕಡೆ ನೋಡಬಹುದು.

ಒಂದೇ ಜಾಗ ಹೇಳಿ ಅಂದರೆ ನಾನು ಅಘನಾಶಿನಿ ಅನ್ನುತ್ತೇನೆ. ಈ ಹೊಳೆಗೆ ಅಣೆಕಟ್ಟಿಲ್ಲ. ಇಳಿತದಲ್ಲಿ ಅಳಿವೆಯ ತಳ ಅಗಲಕ್ಕೆ ತೆರೆದುಕೊಳ್ಳುತ್ತದೆ. ಊರಿನ ಜನ ಮೊಣಕಾಲು ನೀರಲ್ಲಿ ನಿಂತು ಬಳಚು ತೆಗೆಯುತ್ತಿರುತ್ತಾರೆ. ಬಳಚು ಅಂದರೆ ಒಂದು ಬಗೆಯ ಕಪ್ಪೆಚಿಪ್ಪು, ಅದರೊಳಗಿನ ಮಾಂಸವನ್ನು ಜನ ತಿನ್ನುತ್ತಾರೆ, ದಕ್ಷಿಣ ಕನ್ನಡದ ಕಡೆ ಮರುವಾಯಿ ಅನ್ನುತ್ತಾರೆ. ಅವರಿಂದ ಸ್ವಲ್ಪ ದೂರದಲ್ಲೇ ಹಕ್ಕಿಗಳೂ ಅವುಗಳ ಪಾಡಿಗೆ ಇರುತ್ತವೆ. ಪಕ್ಕದಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಮುಖ್ಯ ಅಂತ ಗುರುತಿಸಿದ ಜೌಗು ಪ್ರದೇಶಗಳ ಪಟ್ಟಿ.

ಎಚ್ಚರಿಕೆ: ಕಾರವಾರದಲ್ಲಿ ನೌಕಾನೆಲೆ ಇದೆ. ಆ ಕಡೆಗೆ ಕ್ಯಾಮೆರಾ, ಬೈನಾಕ್ಯುಲರ್ ತಿರುಗಿಸಬೇಡಿ. ಬಂದರುಗಳ ಒಳಗೆ ಫೋಟೊ ತೆಗೆಯುವ ಮೊದಲು ಗೇಟಿನಲ್ಲಿ ಕೇಳಿಕೊಳ್ಳಿ. ಅಲೆ ತಡೆಯಲು ಹಾಕಿದ ಕಲ್ಲುಗಳ ಮೇಲೆ ಹತ್ತಬೇಡಿ, ಪಾಚಿಗೆ ಕಾಲು ಜಾರುತ್ತದೆ.

3. ಬೆಳಗ್ಗೆಯೇ ಹೋಗಿ, ಇಳಿತದ ಹೊತ್ತಿಗೆ

ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಅರ್ಧ ಕೆಲಸ ಇಲ್ಲೇ ಆಗಿಹೋಗುತ್ತದೆ.

ಕಡಲಕಾಗೆಗಳು ದಿಬ್ಬದ ಮೇಲೆ ಕೂತಾಗ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತವೆ. ಬೆನ್ನ ಕಡೆಯಿಂದ ಗಾಳಿ ಬಡಿದರೆ ಗರಿ ಎದ್ದು ಮೈ ತಣ್ಣಗಾಗುತ್ತದೆ. ಗಾಳಿಗೆ ಎದುರಾಗಿದ್ದರೆ ಹಾರಲೂ ಸುಲಭ. ಚಳಿಗಾಲದ ಬೆಳಗ್ಗೆ ನಮ್ಮಲ್ಲಿ ಗಾಳಿ ಬೀಸುವುದು ನೆಲದಿಂದ ಕಡಲಿಗೆ, ಅಂದರೆ ಪೂರ್ವದಿಂದ. ಹಾಗಾಗಿ ಹಿಂಡು ಪೂರ್ವಕ್ಕೆ ಮುಖ ಮಾಡಿರುತ್ತದೆ. ನೀವು ದಂಡೆಯ ಕಡೆ ನಿಂತರೆ ಎಲ್ಲವೂ ನಿಮ್ಮನ್ನೇ ನೋಡುತ್ತಿರುತ್ತವೆ. ಸೂರ್ಯ ನಿಮ್ಮ ಬೆನ್ನಿಗೆ. ಬೆಳಕು ಸೀದಾ ಹಕ್ಕಿಯ ಮುಖದ ಮೇಲೆ. ಕಣ್ಣಿನ ಬಣ್ಣ ನೋಡಲು ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ.

ಮಧ್ಯಾಹ್ನದ ಮೇಲೆ ಎಲ್ಲ ತಿರುಗಿಬೀಳುತ್ತದೆ. ಗಾಳಿ ಕಡಲಿಂದ ಬರುತ್ತದೆ. ಹಕ್ಕಿಗಳೂ ಪಶ್ಚಿಮಕ್ಕೆ ತಿರುಗುತ್ತವೆ. ನಿಮಗೆ ಕಾಣುವುದು ಬಾಲ, ಅದೂ ಎದುರು ಬಿಸಿಲಲ್ಲಿ ಕಪ್ಪಾಗಿ. ಸಂಜೆ ಸೂರ್ಯಾಸ್ತದ ಜೊತೆ ಹಕ್ಕಿಯ ಫೋಟೊ ಚೆಂದ ಬರುತ್ತದೆ, ಅಲ್ವಾ? ಆದರೆ ಆ ಫೋಟೊ ನೋಡಿ ಜಾತಿ ಹೇಳಲು ಯಾರಿಗೂ ಆಗುವುದಿಲ್ಲ.

ಇನ್ನು ಇಳಿತ. ನೀರು ಇಳಿದಾಗ ದಿಬ್ಬ ಏಳುತ್ತದೆ, ಹಕ್ಕಿ ಬಂದು ಕೂರುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನವೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಸಮಯ ಗೊತ್ತಾಗದಿದ್ದರೆ ಅಲ್ಲೇ ಬಲೆ ಸರಿಮಾಡುತ್ತಾ ಕೂತವರನ್ನು ಕೇಳಿ. ಅವರಿಗೆ ಬೆರಳ ತುದಿಯಲ್ಲಿ ಲೆಕ್ಕ ಇರುತ್ತದೆ.

ಎಚ್ಚರಿಕೆ: ದಿಬ್ಬದ ಮೇಲೆ ನಡೆದು ಹೋಗಬೇಡಿ. ನೀರು ಏರತೊಡಗಿದರೆ ಮೊದಲು ತುಂಬುವುದು ನಿಮ್ಮ ಹಿಂದಿನ ತಗ್ಗು. ಮುಂದೆ ಮರಳು ಒಣಗಿಯೇ ಇರುತ್ತದೆ, ವಾಪಸ್ ಬರಲು ದಾರಿ ಇರುವುದಿಲ್ಲ.

4. ಮೊದಲು ರೀವ ಅಲ್ಲ ಅಂತ ಖಚಿತ ಮಾಡಿಕೊಳ್ಳಿ

ಕಡಲಕಾಗೆಯ ಜೊತೆಗೇ ಕೂರುವ ಇನ್ನೊಂದು ಬಿಳಿ-ಬೂದು ಹಕ್ಕಿ ರೀವ. ಅದರ ಕೊಕ್ಕು ಸೂಜಿಯಂತೆ ಚೂಪು, ಕಾಲು ಗಿಡ್ಡ, ರೆಕ್ಕೆ ಸಪೂರ, ಹಲವು ಜಾತಿಗಳಲ್ಲಿ ಬಾಲ ಕವಲು. ಹಾರುವಾಗ ತಲೆ ಬಗ್ಗಿಸಿ ನೀರನ್ನೇ ನೋಡುತ್ತದೆ, ಮೀನು ಕಂಡರೆ ತಲೆಕೆಳಗಾಗಿ ಧುಮುಕುತ್ತದೆ.

ಕಡಲಕಾಗೆಯ ಕೊಕ್ಕು ದಪ್ಪ, ತುದಿ ಸ್ವಲ್ಪ ಬಾಗಿದ್ದು. ರೆಕ್ಕೆ ಅಗಲ. ನೆಲದ ಮೇಲೆ ಆರಾಮವಾಗಿ ನಡೆದಾಡುತ್ತದೆ. ನೀರಿನ ಮೇಲೆ ಬಾತುಕೋಳಿಯಂತೆ ತೇಲುತ್ತದೆ. ರೀವ ಹಾಗೆ ತೇಲುತ್ತಾ ಕೂರುವುದು ಅಪರೂಪ. ದೂರದಿಂದ ಬೇರೇನೂ ಕಾಣದಿದ್ದರೂ ಇದೊಂದು ಗುರುತು ಕೈ ಹಿಡಿಯುತ್ತದೆ.

5. ದೊಡ್ಡದೋ ಸಣ್ಣದೋ ನೋಡಿ

ಕಂದುತಲೆಯದು ಕೊಕ್ಕಿನಿಂದ ಬಾಲದವರೆಗೆ 41–45 ಸೆಂಟಿಮೀಟರ್. ಹಿಂಡಿನ ನಡುವೆ ಎದ್ದು ಕಾಣುವಷ್ಟು ದೊಡ್ಡ, ದಪ್ಪ ಹಳದಿ ಕೊಕ್ಕಿನ, ಹಳದಿ ಕಾಲಿನ, ಗಾಢ ಬೂದು ಬೆನ್ನಿನ ಹಕ್ಕಿ ಇದ್ದರೆ ಅದು ಬೇರೆ ಗುಂಪು. ಆ ದೊಡ್ಡ ಕಡಲಕಾಗೆಗಳು ರಷ್ಯಾ, ಕಜಕಸ್ತಾನದ ಕಡೆಯಿಂದ ಬರುತ್ತವೆ. ಅವನ್ನು ಒಂದರಿಂದ ಒಂದು ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಈಗಷ್ಟೇ ಶುರು ಮಾಡಿದವರು ಸುಮ್ನೆ "ದೊಡ್ಡ ಕಡಲಕಾಗೆ" ಅಂತ ಬರೆದುಕೊಂಡು ಮುಂದೆ ಹೋಗಿ.

6. ಕಣ್ಣು, ಆಮೇಲೆ ರೆಕ್ಕೆಯ ತುದಿ

ಈಗ ಮುಖ್ಯ ಘಟ್ಟ. ಕಂದುತಲೆಯದಕ್ಕೆ ಒಂದು ಅವಳಿಯಂಥ ಜಾತಿ ಇದೆ, ಕಪ್ಪುತಲೆ ಕಡಲಕಾಗೆ. ಅದೂ ಚಳಿಗಾಲದಲ್ಲಿ ಇಲ್ಲಿಗೆ ಬರುತ್ತದೆ, ಇದೇ ಹಿಂಡಿನಲ್ಲಿ ಕೂರುತ್ತದೆ.

ತಲೆಯ ಬಣ್ಣವನ್ನು ನಂಬಲೇಬೇಡಿ. ಎರಡಕ್ಕೂ ಬಣ್ಣದ ತಲೆ ಬರುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿ, ಕಿವಿಯ ಹತ್ತಿರ ಒಂದು ಕಪ್ಪು ಮಚ್ಚೆ. ಅದೂ ಅಲ್ಲದೆ ಕಪ್ಪುತಲೆ ಅಂತ ಹೆಸರಿದ್ದರೂ ಅದರ ತಲೆಯ ನಿಜವಾದ ಬಣ್ಣ ಚಾಕಲೇಟ್ ಕಂದು. ಹೆಸರು ನೋಡಿ ಹಕ್ಕಿ ಗುರುತಿಸಲು ಹೋದರೆ ಖಂಡಿತ ಎಡವುತ್ತೀರಿ.

ಕೂತ ಹಕ್ಕಿಯಲ್ಲಿ ಕಣ್ಣು ನೋಡಿ. ಬಲಿತ ಕಂದುತಲೆಯ ಕಣ್ಣು ತಿಳಿ ಬಣ್ಣದ್ದು, ಹಳದಿ ಬೆರೆತ ಬಿಳಿ. ನಡುವೆ ಸಣ್ಣ ಕಪ್ಪು ಬೊಟ್ಟು, ಸುತ್ತ ತೆಳು ಕೆಂಪು ಅಂಚು. ಮುಖದಲ್ಲಿ ಒಂದು ಬಗೆಯ ದಿಟ್ಟಿಸುವ ನೋಟ ಇರುತ್ತದೆ. ಕಪ್ಪುತಲೆಯ ಕಣ್ಣು ಪೂರ್ತಿ ಗಾಢ, ಮುಖ ಸೌಮ್ಯವಾಗಿ ಕಾಣುತ್ತದೆ. ಕೊಕ್ಕು ಎರಡರಲ್ಲೂ ಕೆಂಪು, ತುದಿ ಕಪ್ಪು. ಆದರೆ ಕಂದುತಲೆಯದು ಸ್ವಲ್ಪ ದಪ್ಪ.

ಹಾರುವ ಹಕ್ಕಿಯಲ್ಲಿ ರೆಕ್ಕೆಯ ತುದಿ ನೋಡಿ. ಬಲಿತ ಕಂದುತಲೆಯ ರೆಕ್ಕೆಯ ತುದಿ ಅಗಲವಾಗಿ ಕಪ್ಪು. ಆ ಕಪ್ಪಿನ ಒಳಗೆ ಎರಡು ದೊಡ್ಡ ಬಿಳಿ ಚುಕ್ಕೆ. ಹಕ್ಕಿ ನೋಡುವವರು ಇದನ್ನು "ಕನ್ನಡಿ" ಅನ್ನುತ್ತಾರೆ. ಬಿಸಿಲಿಗೆ ರೆಕ್ಕೆ ಬಡಿದಾಗ ನಿಜವಾಗಿ ಕನ್ನಡಿ ಹೊಳೆದಂತೆಯೇ ಕಾಣುತ್ತದೆ. ಕಪ್ಪುತಲೆಯದಕ್ಕೆ ಕನ್ನಡಿ ಇಲ್ಲ. ಅದರ ರೆಕ್ಕೆಯ ಮುಂದಿನ ಅಂಚಿನಲ್ಲಿ ತುದಿಯವರೆಗೆ ಉದ್ದ ಬಿಳಿ ಪಟ್ಟೆ ಓಡುತ್ತದೆ, ಕಪ್ಪು ಇರುವುದು ಹಿಂದಿನ ಅಂಚಿನಲ್ಲಿ ತೆಳ್ಳಗೆ.

ಒಂದು ಹೆಚ್ಚುವರಿ ಮಾತು. ತಿಳಿ ಕಣ್ಣು ಕಂಡ ಕೂಡಲೇ ಕಂದುತಲೆ ಅಂತ ತೀರ್ಮಾನಿಸಬೇಡಿ. ಸಪೂರ ಕೊಕ್ಕಿನ ಕಡಲಕಾಗೆ ಅಂತ ಇನ್ನೊಂದು ಇದೆ. ಗುಜರಾತ್ ಕರಾವಳಿಯಲ್ಲಿ ಜಾಸ್ತಿ, ನಮ್ಮಲ್ಲಿ ಕಡಿಮೆ. ಅದರ ಕಣ್ಣೂ ತಿಳಿ. ಆದರೆ ಕತ್ತು ಉದ್ದ, ಹಣೆ ಇಳಿಜಾರು, ಕೊಕ್ಕು ಉದ್ದ, ಕಿವಿಯ ಮಚ್ಚೆ ಇಲ್ಲವೇ ಇಲ್ಲ ಅನ್ನುವಷ್ಟು ಮಸುಕು, ರೆಕ್ಕೆಯಲ್ಲಿ ಕನ್ನಡಿ ಇಲ್ಲ. ಕಣ್ಣು ಮತ್ತು ಕನ್ನಡಿ, ಎರಡೂ ಸೇರಿದರೆ ಮಾತ್ರ ಧೈರ್ಯವಾಗಿ ಬರೆದುಕೊಳ್ಳಿ.

7. ಎಳೆಯ ಹಕ್ಕಿ ಕಂಡರೆ ಅವಸರ ಮಾಡಬೇಡಿ

ನಾನು ಶುರು ಮಾಡಿದ ವರ್ಷ ಗಾಢ ಕಣ್ಣಿನ ಹಕ್ಕಿಗಳನ್ನೆಲ್ಲ ಕಪ್ಪುತಲೆ ಅಂತಲೇ ಬರೆದಿದ್ದೆ. ಆ ಪುಟಗಳನ್ನು ಆಮೇಲೆ ಹೊಡೆದುಹಾಕಬೇಕಾಯಿತು. ಯಾಕೆಂದರೆ ಆ ವರ್ಷ ಹುಟ್ಟಿದ ಕಂದುತಲೆಯ ಕಣ್ಣೂ ಗಾಢವೇ. ರೆಕ್ಕೆಯಲ್ಲಿ ಕನ್ನಡಿಯೂ ಇನ್ನೂ ಬಂದಿರುವುದಿಲ್ಲ.

ಎಳೆಯದು ಅಂತ ಗೊತ್ತಾಗುವುದು ಹೀಗೆ: ಬಾಲದ ತುದಿಯಲ್ಲಿ ಕಪ್ಪು ಪಟ್ಟಿ, ಮಡಚಿದ ರೆಕ್ಕೆಯ ಮೇಲೆ ಕಂದು ಕಲೆಗಳು, ಕೊಕ್ಕು ಕಾಲು ಪೂರ್ತಿ ಕೆಂಪಾಗದೆ ಕಿತ್ತಳೆ ಛಾಯೆ. ಹೀಗಿದ್ದರೆ ಕಣ್ಣನ್ನು ಬಿಟ್ಟುಬಿಡಿ, ಅದು ಹಾರುವವರೆಗೆ ಕಾಯಿರಿ. ರೆಕ್ಕೆಯ ತುದಿ ಅಗಲವಾಗಿ ಕಪ್ಪಿದ್ದರೆ ಕಂದುತಲೆ. ಮುಂದಿನ ಅಂಚಿನ ಬಿಳಿ ತುದಿಯ ಕಡೆಗೆ ಉದ್ದಕ್ಕೂ ಹೋಗಿದ್ದರೆ ಕಪ್ಪುತಲೆ. ಗೊತ್ತಾಗದೆ ಹೋದರೆ "ಎಳೆಯದು, ಖಚಿತವಿಲ್ಲ" ಅಂತ ಬರೆಯಿರಿ. ಹಾಗೆ ಬರೆಯುವುದರಲ್ಲಿ ಯಾವ ಸಂಕೋಚವೂ ಬೇಡ. ತಪ್ಪು ಹೆಸರಿಗಿಂತ ಅದು ಎಷ್ಟೋ ಮೇಲು.

8. ಗುರುತಿಸಿದ ಮೇಲೆ ಒಂದು ಗಂಟೆ ಸುಮ್ನೆ ಕೂತು ನೋಡಿ

ಹೆಚ್ಚಿನವರು ಹೆಸರು ಸಿಕ್ಕ ಕೂಡಲೇ ಎದ್ದು ಹೋಗುತ್ತಾರೆ. ಹಕ್ಕಿಯ ಬದುಕು ಕಾಣುವುದು ಅದರ ನಂತರ.

ಕೈರಂಪಣಿ ಎಳೆಯುವ ಜಾಗ ಸಿಕ್ಕರೆ ಬಿಡಬೇಡಿ. ದೋಣಿಯಲ್ಲಿ ಬಲೆ ಬಿಟ್ಟು, ದಂಡೆಯಿಂದ ಎರಡೂ ಕಡೆ ಹಗ್ಗ ಹಿಡಿದು ಎಳೆಯುವ ಬಲೆ ಅದು. ಹಗ್ಗ ಅರ್ಧ ಬರುವವರೆಗೆ ಒಂದು ಹಕ್ಕಿಯೂ ಇರುವುದಿಲ್ಲ. ಬಲೆಯ ಚೀಲ ದಡ ಸಮೀಪಿಸುತ್ತಿದ್ದಂತೆ ಎಲ್ಲಿಂದಲೋ ನಾಲ್ಕು ಬರುತ್ತವೆ. ನೋಡನೋಡುತ್ತಾ ನಲವತ್ತಾಗುತ್ತವೆ. ಬೂತಾಯಿ ಮೀನು ಮೇಲೆದ್ದು ಮಿಂಚುವ ಹೊತ್ತಿಗೆ ತಲೆಯ ಮೇಲೆ ಕೂಗೋ ಕೂಗು. ಕಡಲಕಾಗೆ ಆಳಕ್ಕೆ ಮುಳುಗಲಾರದು. ಮೇಲೆ ತೇಲಿದ್ದನ್ನು, ಬಲೆಯಿಂದ ಜಾರಿದ್ದನ್ನು, ಬೋಟಿನಿಂದ ಎಸೆದದ್ದನ್ನು ಎತ್ತಿಕೊಳ್ಳುತ್ತದೆ. ರೀವ ಕಷ್ಟಪಟ್ಟು ಹಿಡಿದ ಮೀನನ್ನು ಅಟ್ಟಿಸಿಕೊಂಡು ಹೋಗಿ ಕಿತ್ತುಕೊಳ್ಳುವುದೂ ಉಂಟು.

ಒದ್ದೆ ಮರಳಲ್ಲಿ ಒಂಟಿಯಾಗಿ ನಿಂತ ಹಕ್ಕಿಯ ಕಾಲು ನೋಡಿ. ಈ ಗುಂಪಿನ ಸಣ್ಣ ಕಡಲಕಾಗೆಗಳು ಕೆಲವೊಮ್ಮೆ ನಿಂತಲ್ಲೇ ಬೇಗ ಬೇಗ ಎಡ ಬಲ ಕಾಲು ತುಳಿಯುತ್ತವೆ. ತುಳಿತಕ್ಕೆ ಹುಳ, ಪುಟ್ಟ ಜೀವಿಗಳು ಮೇಲೆ ಬರುತ್ತವೆ. ಒಂದು ಹೆಜ್ಜೆ ಹಿಂದೆ ಸರಿದು, ಬಗ್ಗಿ, ಹೆಕ್ಕಿ, ಮತ್ತೆ ತುಳಿತ.

ಕೊಕ್ಕಿನ ತುದಿಯಲ್ಲಿ ನೀರಿನ ಹನಿ ತೂಗುತ್ತಿರುವುದು ಕಂಡರೆ ಹಕ್ಕಿಗೆ ನೆಗಡಿ ಅಂದುಕೊಳ್ಳಬೇಡಿ, ಈ ಪ್ರಶ್ನೆಯೂ ಬಂದಿದೆ. ಕಡಲಕಾಗೆ ಉಪ್ಪು ನೀರನ್ನೇ ಕುಡಿಯಬಲ್ಲದು. ಕಣ್ಣಿನ ಮೇಲ್ಭಾಗದಲ್ಲಿರುವ ಗ್ರಂಥಿಗಳು ರಕ್ತದಿಂದ ಹೆಚ್ಚಿನ ಉಪ್ಪನ್ನು ತೆಗೆದು ಮೂಗಿನ ಹೊಳ್ಳೆಯಿಂದ ಹೊರಹಾಕುತ್ತವೆ. ಆ ಹನಿ ಅದೇ. ಆಗಾಗ ತಲೆ ಕೊಡವಿ ಅದನ್ನು ಸಿಡಿಸುತ್ತದೆ.

9. ಮಾಡಬಾರದ್ದು

ಫೋಟೊಗಾಗಿ ಹಿಂಡಿನ ಕಡೆ ಓಡಬೇಡಿ, ಮಕ್ಕಳನ್ನೂ ಓಡಿಸಬೇಡಿ. "ಎಲ್ಲಾ ಒಟ್ಟಿಗೆ ಹಾರುವ ವಿಡಿಯೊ" ಈಗ ತುಂಬಾ ನಡೆಯುತ್ತಿದೆ, ನೋಡಿದರೆ ಸಂಕಟವಾಗುತ್ತದೆ. ಅವಕ್ಕೆ ಇಳಿತದ ಆ ಕೆಲವು ಗಂಟೆಯೇ ವಿಶ್ರಾಂತಿ. ಏಪ್ರಿಲಿಗೆ ಮೊದಲು ಮೈಯಲ್ಲಿ ಕೊಬ್ಬು ಕೂಡಿಸಿಕೊಂಡು ಮತ್ತೆ ಹಿಮಾಲಯ ಏರಬೇಕು. ಅದೇ ದಿಬ್ಬದಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ವಲಸೆ ಹಕ್ಕಿಗಳೂ ಇರುತ್ತವೆ. ಒಂದು ಹಾರಿದರೆ ಎಲ್ಲವೂ ಹಾರುತ್ತವೆ. ಕೂತ ಹಕ್ಕಿಗಳು ಕತ್ತು ಉದ್ದ ಮಾಡಿ, ತಲೆ ಎತ್ತಿ, ನಿಧಾನ ಸರಿಯತೊಡಗಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಅಲ್ಲೇ ಕೂತುಬಿಡಿ, ಇಲ್ಲವೇ ಹಿಂದೆ ಬನ್ನಿ.

ಚಿಪ್ಸ್, ಖಾರ, ಚುರುಮುರಿ ಎಸೆಯಬೇಡಿ. ಎಣ್ಣೆ ಉಪ್ಪಿನ ತಿಂಡಿ ಮೀನಿಗೆ ಸಮ ಅಲ್ಲ. ನೂಲು, ಗಾಳದ ದಾರ ಸುತ್ತಿಕೊಂಡ ಹಕ್ಕಿ ಕಂಡರೆ ನೀವೇ ಬಿಡಿಸಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿ ಸತ್ತಾಗ ಅವುಗಳಲ್ಲಿ ಕಂದುತಲೆ ಕಡಲಕಾಗೆಗಳೂ ಇದ್ದವು.

10. ಬರೆದಿಡಿ

ದಿನಾಂಕ, ಹೊತ್ತು, ಜಾಗ, ಉಬ್ಬರವೋ ಇಳಿತವೋ, ಎಷ್ಟು ಹಕ್ಕಿ, ಅದರಲ್ಲಿ ಎಳೆಯವು ಎಷ್ಟು. ದೊಡ್ಡ ಹಿಂಡಾದರೆ ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಅಂತ ನೋಡಿ, ಅದೇ ಅಳತೆಯಲ್ಲಿ ಉಳಿದದ್ದನ್ನು ಅಂದಾಜು ಮಾಡಿ. ಕಂಡ ಹಕ್ಕಿಗಳನ್ನು ಎಲ್ಲರೂ ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಉಳಿದವರಿಗೂ ಉಪಯೋಗ. ಕಾಲಿನಲ್ಲಿ ಉಂಗುರ ಕಂಡರೆ ಅದರ ಬಣ್ಣ, ಯಾವ ಕಾಲು, ಅಕ್ಷರ ಅಂಕಿ ಎಲ್ಲ ಬರೆದುಕೊಂಡು ಫೋಟೊ ತೆಗೆಯಿರಿ. ನಮ್ಮ ದೇಶದಲ್ಲಿ ಇಂಥ ಉಂಗುರ ತೊಡಿಸುವುದು ಮುಖ್ಯವಾಗಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಅವರಿಗೆ ತಿಳಿಸಿದರೆ ಆ ಹಕ್ಕಿ ಎಲ್ಲಿ ಉಂಗುರ ತೊಟ್ಟಿತು ಅಂತ ಗೊತ್ತಾಗುವ ಸಾಧ್ಯತೆ ಇದೆ.

ಒಂದೇ ಸಲ ಹೋಗಲು ಆಗುವುದಾದರೆ ಮಾರ್ಚ್ ಆರಿಸಿಕೊಳ್ಳಿ. ಆಗ ಹಿಂಡಿನಲ್ಲಿ ಕೆಲವಕ್ಕೆ ತಲೆ ಪೂರ್ತಿ ಕಂದಾಗಿರುತ್ತದೆ, ಕೆಲವಕ್ಕೆ ಅಲ್ಲಲ್ಲಿ ಬಣ್ಣ ಹತ್ತಿರುತ್ತದೆ, ಇನ್ನು ಕೆಲವು ಬೆಳ್ಳಗೇ ಇರುತ್ತವೆ. ಮೂರೂ ಬಗೆಯವು ಒಂದೇ ದಿಬ್ಬದ ಮೇಲೆ ಅಕ್ಕಪಕ್ಕ ನಿಂತಿರುತ್ತವೆ.